ಚಳಿನಾಡಿನಲ್ಲಿ ಮೋಟಾರು ಗಾಡಿಯ ರಕ್ಷಣೆ: ಆಂಟಿಫ್ರೀಜ್ ದ್ರವದ ಪರೀಕ್ಷೆಯೂ ಉಪಯೋಗವೂ

ಜೀಪು, ಕಾರು, ಲಾರಿ, ಟ್ರಾಕ್ಟರುಗಳು ಇಂದು ಗ್ರಾಮಾಂತರದ ಅನೇಕ ಬೇಸಾಯಗಾರರ ಮನೆಗಳಲ್ಲಿ ಇರುವುವು. ಇವುಗಳ ಎಂಜಿನ್ನುಗಳಲ್ಲಿ ಬಹುಪಾಲು ನೀರಿನ ಸಂಚಾರದಿಂದ ತಂಪುಗೊಳ್ಳತಕ್ಕವು. ಎಂಜಿನ್ ಆಯಿಲನ್ನು ಬದಲಾಯಿಸುವುದರಲ್ಲಿಯೂ ಟೈರುಗಳಿಗೆ ಗಾಳಿ ತುಂಬಿಸುವುದರಲ್ಲಿಯೂ ಮಾಲೀಕರು ವಹಿಸುವ ಎಚ್ಚರಿಕೆಯನ್ನು ರೇಡಿಯೇಟರಿನೊಳಗಿನ ದ್ರವದ ವಿಷಯದಲ್ಲಿ ವಹಿಸುವುದು ಅಪರೂಪ. ಕನ್ನಡ ನಾಡಿನಲ್ಲಿ ಈ ಅಲಕ್ಷ್ಯದ ಫಲವು ನಿಧಾನವಾಗಿ, ವರುಷಗಳ ಮೇಲೆ ತೋರಿಬರುವುದು. ನೀರು ಹೆಪ್ಪುಗಟ್ಟುವ ಶೀತಪ್ರದೇಶದಲ್ಲಾದರೋ ಒಂದೇ ರಾತ್ರಿಯಲ್ಲಿ ಎಂಜಿನ್ನು ಸೀಳಿಹೋಗಿ, ಅದರ ಬೆಲೆಯೆಲ್ಲವೂ ನಷ್ಟವಾಗಬಹುದು.

ಬೆಂಗಳೂರಿನಲ್ಲಿ ದಾಖಲೆಯಾಗಿರುವ ಅತ್ಯಂತ ಕಡಿಮೆ ಉಷ್ಣತೆಯು 1884ನೆಯ ಜನವರಿ 13ರಂದು ಕಂಡುಬಂದ 7.8 ಡಿಗ್ರಿ ಸೆಲ್ಸಿಯಸ್. ಇಲ್ಲಿಯ ಚಳಿಯು ರೇಡಿಯೇಟರಿನ ನೀರನ್ನು ಗಡ್ಡೆಯಾಗಿಸುವಷ್ಟು ಕಠಿನವಲ್ಲ. ಆದರೆ ಬೆಂಗಳೂರನ್ನು ಹಾದುಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿಯು ಕನ್ಯಾಕುಮಾರಿಯಿಂದ ಹೊರಟು ಶ್ರೀನಗರವನ್ನು ಮುಟ್ಟುವುದು. ಈ ದಾರಿಯಲ್ಲಿ ಸರಕು ಸಾಗಿಸುವ ಲಾರಿಗಳೂ ಯಾತ್ರಿಕರ ವಾಹನಗಳೂ ದಕ್ಷಿಣದ ಸೆಕೆಯಿಂದ ಕೆಲವೇ ದಿನಗಳಲ್ಲಿ ಕಾಶ್ಮೀರದ ಹಿಮವನ್ನು ಸೇರುವುವು. ಹಿಮಾಚಲ ಪ್ರದೇಶದಲ್ಲಿ ರೋಹತಾಂಗ್ ಕಣಿವೆಮಾರ್ಗದ ಕೆಳಗೆ ಕೊರೆದ 9.02 ಕಿಲೋಮೀಟರು ಉದ್ದದ ಅಟಲ್ ಸುರಂಗವು 2020ನೆಯ ಅಕ್ಟೋಬರ್ 3ರಂದು ತೆರೆಯಲ್ಪಟ್ಟ ಮೇಲೆ, ಹಿಂದೆ ಚಳಿಗಾಲದಲ್ಲಿ ಹೊರಜಗತ್ತಿನಿಂದ ದೂರವಾಗುತ್ತಿದ್ದ ಲಾಹೋಲ್ ಸೀಮೆಗೂ ಆ ಕಾಲದಲ್ಲಿ ವಾಹನಗಳು ಹೋಗುವಂತಾಗಿದೆ. ಗಾಡಿಯನ್ನು ಇಂಥ ಸ್ಥಳಗಳಿಗೆ ಕಳುಹಿಸುವ ಮಾಲೀಕರು ಮೊದಲೇ ತಿಳಿದಿರಬೇಕಾದ ಅಂಶಗಳನ್ನು ಮುಂದೆ ಕ್ರಮವಾಗಿ ವಿವರಿಸಲಾಗಿದೆ. ಉಷ್ಣತೆಯ ಅಂಕಿಗಳೆಲ್ಲವೂ ಸೆಲ್ಸಿಯಸ್ ಮಾನದವು.

1. ನೀರು ಹೆಪ್ಪುಗಟ್ಟಿದಾಗ ಆಗುವ ಹಾನಿ

ಬಹುತೇಕ ಪದಾರ್ಥಗಳು ತಣ್ಣಗಾದಂತೆ ಕುಗ್ಗುವುವು. ನೀರು ಮಾತ್ರ ಗಡ್ಡೆಯಾಗುವಾಗ ಹಿಗ್ಗುವುದು. ನೂರು ಲೀಟರು ನೀರು ಮಂಜುಗಡ್ಡೆಯಾದರೆ ಸುಮಾರು 109 ಲೀಟರಿನ ಸ್ಥಳವನ್ನು ಬೇಡುವುದು. ಬಾಯಿ ಮುಚ್ಚಿದ ಗಾಜಿನ ಸೀಸೆಯ ತುಂಬ ನೀರಿಟ್ಟು ಹೆಪ್ಪುಗಟ್ಟಿಸಿದರೆ ಸೀಸೆಯು ಒಡೆಯುವುದು ಈ ಕಾರಣದಿಂದಲೇ. ಶ್ರೀನಗರದಲ್ಲಿ ಡಿಸೆಂಬರ್ 21ರಿಂದ ನಾಲ್ವತ್ತು ದಿನಗಳ ಕಾಲವನ್ನು ಅಲ್ಲಿಯ ಜನರು 'ಚಿಲ್ಲೈ ಕಲಾನ್' ಎಂದು ಕರೆಯುವರು. ಆ ದಿನಗಳಲ್ಲಿ ಮನೆಗಳ ನಲ್ಲಿಯ ಕೊಳವೆಗಳು ಹೆಪ್ಪುಗಟ್ಟಿ ಸೀಳುವುದು ಅಲ್ಲಿ ವಾಡಿಕೆಯ ಸಂಗತಿ. 2024ನೆಯ ಡಿಸೆಂಬರ್ ತಿಂಗಳಿನಲ್ಲಿ ಅಲ್ಲಿಯ ಉಷ್ಣತೆಯು ಸೊನ್ನೆಗಿಂತ 8.5 ಡಿಗ್ರಿ ಕೆಳಗೆ ಇಳಿದಿತ್ತು.

ಎಂಜಿನ್ನಿನ ಸಿಲಿಂಡರುಗಳ ಸುತ್ತಲೂ ನೀರು ಹರಿಯಲು ಕಿರಿದಾದ ಓಣಿಗಳಿರುವುವು. ಇವುಗಳ ಗೋಡೆಯು ಎರಕದ ಕಬ್ಬಿಣದ್ದು ಅಥವಾ ಅಲ್ಯುಮಿನಿಯಮ್ಮಿನದು. ಎರಡೂ ಒಳಗಿನಿಂದ ಹಿಗ್ಗುವ ಗಡ್ಡೆಯ ಒತ್ತಡವನ್ನು ತಾಳಲಾರವು. ರೇಡಿಯೇಟರಿನ ತೆಳುವಾದ ಕೊಳವೆಗಳ ಸ್ಥಿತಿಯಂತೂ ಹೇಳಬೇಕಾದುದಿಲ್ಲ. ಎಂಜಿನ್ನಿನ ಪಕ್ಕದಲ್ಲಿ ಗುಂಡಾದ ತಗಡಿನ ಬಿರಡೆಗಳು ಕಾಣುವುವು. ಗಡ್ಡೆಯ ಒತ್ತಡಕ್ಕೆ ಕೆಲವು ವೇಳೆ ಇವು ಹೊರಕ್ಕೆ ಹಾರಿ ಎಂಜಿನ್ನು ಉಳಿದುಕೊಳ್ಳುವುದುಂಟು. ಆದರೆ ಎರಕ ಹೊಯ್ಯುವ ಕೆಲಸದ ಸಲುವಾಗಿ ಬಿಟ್ಟ ರಂಧ್ರಗಳನ್ನು ಮುಚ್ಚುವುದಕ್ಕಾಗಿ ಅವು ಇರುವುವೇ ಹೊರತು ಚಳಿಯಿಂದ ರಕ್ಷಿಸುವುದಕ್ಕಾಗಿ ಅಲ್ಲ. ಅವುಗಳನ್ನು ನಂಬಿ ಕುಳಿತುಕೊಳ್ಳಕೂಡದು.

ಸೀಳು ಬಿಟ್ಟ ಕೂಡಲೆ ಅದು ಕಣ್ಣಿಗೆ ಬೀಳುವುದಿಲ್ಲ. ಒಳಗಿನ ಗಡ್ಡೆಯೇ ಬಿರುಕನ್ನು ಮುಚ್ಚಿಕೊಂಡಿರುವುದು. ಬಿಸಿಲೇರಿ ಗಡ್ಡೆಯು ಕರಗಿದ ಮೇಲೆ ನೀರು ಹೊರಕ್ಕೆ ಸುರಿಯುವುದು, ಅಥವಾ ಒಳಗೇ ಇಳಿದು ಎಂಜಿನ್ ಆಯಿಲಿನೊಡನೆ ಬೆರೆಯುವುದು. ಆಯಿಲ್ ನೋಡುವ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣದ ಪಸೆಯು ಕಂಡುಬಂದರೆ ನೀರು ಒಳಗೆ ಸೇರಿದೆಯೆಂದು ತಿಳಿಯಬೇಕು. ಅಂಥ ಎಂಜಿನ್ನನ್ನು ಓಡಿಸಿದಷ್ಟೂ ಹಾನಿಯು ಹೆಚ್ಚುವುದು.

2. ಆಂಟಿಫ್ರೀಜ್ ಎಂದರೇನು

ನೀರಿನಲ್ಲಿ ಬೇರೊಂದು ಪದಾರ್ಥವು ಕರಗಿದ್ದರೆ ಅದು ಹೆಪ್ಪುಗಟ್ಟಲು ಇನ್ನೂ ಹೆಚ್ಚಿನ ಚಳಿಯು ಬೇಕಾಗುವುದು. ಈ ಗುಣವನ್ನು ಆಶ್ರಯಿಸಿ ರೇಡಿಯೇಟರಿನ ನೀರಿಗೆ ಬೆರೆಸುವ ದ್ರವಕ್ಕೆ ಆಂಟಿಫ್ರೀಜ್ ಎಂದು ಹೆಸರು. ನೀರು ಬೆರೆಸಿದ ಮಿಶ್ರಣವನ್ನು ಅಂಗಡಿಗಳಲ್ಲಿಯೂ ಗ್ಯಾರೇಜುಗಳಲ್ಲಿಯೂ ಕೂಲೆಂಟ್ ಎಂದು ಕರೆಯುವರು. ಈ ಲೇಖನದಲ್ಲಿಯೂ ಅದೇ ಪ್ರಕಾರ, ನೀರು ಬೆರೆಸದ ದ್ರವಕ್ಕೆ ಆಂಟಿಫ್ರೀಜ್ ಎಂತಲೂ ಬೆರೆಸಿದುದಕ್ಕೆ ಕೂಲೆಂಟ್ ಎಂತಲೂ ಹೇಳಲಾಗಿದೆ.

ಆಂಟಿಫ್ರೀಜಿನ ಮುಖ್ಯ ಪದಾರ್ಥವು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್. ಇದನ್ನು ಫ್ರಾನ್ಸ್ ದೇಶದ ರಸಾಯನಶಾಸ್ತ್ರಜ್ಞ ಷಾರ್ಲ್ ಅಡಾಲ್ಫ್ ವೂರ್ಟ್ಸ್ ಎಂಬವರು 1856ರಲ್ಲಿ ಮೊದಲು ತಯಾರಿಸಿದರು. ಮೋಟಾರು ಗಾಡಿಗಳ ಆರಂಭಕಾಲದಲ್ಲಿ ಮೀಥೈಲ್ ಆಲ್ಕೊಹಾಲನ್ನು ನೀರಿಗೆ ಬೆರೆಸುತ್ತಿದ್ದರು. ಅದು ಎಂಜಿನ್ನಿನ ಬಿಸಿಗೆ ಬೇಗನೆ ಆವಿಯಾಗಿ ಹೋಗುತ್ತಿದ್ದುದರಿಂದ ಪದೇಪದೇ ತುಂಬಬೇಕಾಗುತ್ತಿತ್ತು. ಗ್ಲೈಕಾಲಿಗೆ ಈ ದೋಷವಿಲ್ಲ. 1920ರ ದಶಕದ ಕೊನೆಯ ವೇಳೆಗೆ ಅದು ಅಮೆರಿಕದಲ್ಲಿ ಮಾರಾಟಕ್ಕೆ ಬಂದು ಕ್ರಮೇಣ ಎಲ್ಲೆಡೆಯೂ ಹರಡಿತು. ಗ್ಲೈಕಾಲಿನ ಜೊತೆಗೆ ತುಕ್ಕನ್ನು ತಡೆಯುವ ಔಷಧಗಳನ್ನೂ ಬಣ್ಣವನ್ನೂ ಸೇರಿಸಿರುವರು. ಗ್ಲೈಕಾಲು ವರುಷಗಟ್ಟಲೆ ಕೆಡದೆ ಉಳಿದರೂ ತುಕ್ಕು ತಡೆಯುವ ಔಷಧಗಳು ಕಾಲಕ್ರಮದಲ್ಲಿ ಸವೆದುಹೋಗುವುವು. ಆದುದರಿಂದಲೇ ಕೂಲೆಂಟನ್ನು ಗೊತ್ತಾದ ಅವಧಿಗೊಮ್ಮೆ ಬದಲಾಯಿಸಬೇಕು.

3. ರಕ್ಷಣೆಯೆಲ್ಲವೂ ಪ್ರಮಾಣದಲ್ಲಿದೆ

ಇಡೀ ವಿಷಯದಲ್ಲಿ ಆರಂಭಿಕನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕಾದ ಅಂಶವಿದು. ರೇಡಿಯೇಟರಿನಲ್ಲಿ ಕೂಲೆಂಟ್ ಇದೆಯೆಂದ ಮಾತ್ರಕ್ಕೆ ಗಾಡಿಯು ಸುರಕ್ಷಿತವೆನ್ನುವಂತಿಲ್ಲ. ಅದರಲ್ಲಿ ಆಂಟಿಫ್ರೀಜ್ ಎಷ್ಟು ಪಾಲು, ನೀರು ಎಷ್ಟು ಪಾಲು ಎಂಬುದರ ಮೇಲೆ ರಕ್ಷಣೆಯು ನಿಂತಿರುವುದು. ಎಥಿಲೀನ್ ಗ್ಲೈಕಾಲಿನ ಮಿಶ್ರಣವು ಹೆಪ್ಪುಗಟ್ಟಲಾರಂಭಿಸುವ ಉಷ್ಣತೆಯು ಸುಮಾರಾಗಿ ಕೆಳಗಿನಂತಿರುವುದು:

ನೂರರಲ್ಲಿ 10 ಪಾಲು ಆಂಟಿಫ್ರೀಜ್ ಇದ್ದರೆ – ಸೊನ್ನೆಗಿಂತ 3 ಡಿಗ್ರಿ ಕೆಳಗೆ
20 ಪಾಲು ಇದ್ದರೆ – 8 ಡಿಗ್ರಿ ಕೆಳಗೆ
30 ಪಾಲು ಇದ್ದರೆ – 14 ಡಿಗ್ರಿ ಕೆಳಗೆ
40 ಪಾಲು ಇದ್ದರೆ – 23 ಡಿಗ್ರಿ ಕೆಳಗೆ
50 ಪಾಲು ಇದ್ದರೆ – 37 ಡಿಗ್ರಿ ಕೆಳಗೆ
60 ಪಾಲು ಇದ್ದರೆ – 52 ಡಿಗ್ರಿ ಕೆಳಗೆ
ನೀರಿಲ್ಲದ ಬರಿಯ ಆಂಟಿಫ್ರೀಜ್ ಆದರೆ – 13 ಡಿಗ್ರಿ ಕೆಳಗೆ

ಪಟ್ಟಿಯ ಕೊನೆಯ ಸಾಲು ಅನೇಕರಿಗೆ ಆಶ್ಚರ್ಯವನ್ನುಂಟುಮಾಡುವುದು. ಒಳ್ಳೆಯ ಪದಾರ್ಥವನ್ನು ಹೆಚ್ಚು ಹಾಕಿದಷ್ಟೂ ಹೆಚ್ಚು ಲಾಭವೆಂದೆಣಿಸಿ ನೀರಿಲ್ಲದೆ ಬರಿಯ ಆಂಟಿಫ್ರೀಜನ್ನು ತುಂಬಿದವನ ಗಾಡಿಯು, ಅರ್ಧಕ್ಕರ್ಧ ನೀರು ಬೆರೆಸಿದವನ ಗಾಡಿಗಿಂತ ಬಹಳ ಮೊದಲೇ ಹೆಪ್ಪುಗಟ್ಟುವುದು. ಅಲ್ಲದೆ ಶಾಖವನ್ನು ಹೊತ್ತೊಯ್ಯುವ ಶಕ್ತಿಯು ನೀರಿಗೆ ಇರುವಷ್ಟು ಗ್ಲೈಕಾಲಿಗೆ ಇಲ್ಲವಾದ ಕಾರಣ, ಬರಿಯ ಆಂಟಿಫ್ರೀಜ್ ತುಂಬಿದ ಎಂಜಿನ್ನು ಓಡುವಾಗ ಮಿತಿಮೀರಿ ಬಿಸಿಯಾಗುವುದು. ಆದುದರಿಂದ ಕಡುಚಳಿಯ ಸ್ಥಳಗಳಿಗೆ ಅರ್ಧ ಆಂಟಿಫ್ರೀಜ್, ಅರ್ಧ ನೀರು ಎಂಬುದು ಸರ್ವಸಾಧಾರಣವಾದ ನಿಯಮ. ಅರುವತ್ತು ಪಾಲನ್ನು ಎಂದಿಗೂ ಮೀರಕೂಡದು.

ಅಂಗಡಿಯಲ್ಲಿ ಎರಡು ಬಗೆಯ ಡಬ್ಬಿಗಳು ದೊರೆಯುವುವು. ಒಂದರಲ್ಲಿರುವುದು ನೀರು ಬೆರೆಸಿಯೇ ಉಪಯೋಗಿಸತಕ್ಕ ದ್ರವ. ಇನ್ನೊಂದರಲ್ಲಿರುವುದು ಕಾರ್ಖಾನೆಯಲ್ಲಿಯೇ ನೀರು ಬೆರೆಸಿ ಸಿದ್ಧಮಾಡಿದ ಕೂಲೆಂಟ್. ಎರಡನೆಯದಕ್ಕೆ ಮತ್ತೆ ನೀರು ಸೇರಿಸಿದರೆ ಕೊಟ್ಟ ಹಣವೂ ವ್ಯರ್ಥ, ರಕ್ಷಣೆಯೂ ಇಲ್ಲ. ಸಿದ್ಧ ಕೂಲೆಂಟುಗಳಲ್ಲಿ ಕೆಲವು ಬಿಸಿನಾಡಿನ ಉಪಯೋಗಕ್ಕಾಗಿ ತಯಾರಾದವು. ಅವುಗಳಲ್ಲಿ ಗ್ಲೈಕಾಲಿನ ಪಾಲು ಕಡಿಮೆ. ಡಬ್ಬಿಯ ಮೇಲೆ ಅಚ್ಚಾಗಿರುವ ಹೆಪ್ಪುಗಟ್ಟುವ ಡಿಗ್ರಿಯನ್ನು ಓದಿಯೇ ಕೊಳ್ಳಬೇಕು.

ಬಣ್ಣವನ್ನು ನೋಡಿ ನಿರ್ಧರಿಸುವುದು ತಪ್ಪು. ಹಸುರು, ಕೆಂಪು, ನೀಲಿ, ಗುಲಾಬಿ ಮುಂತಾದ ಬಣ್ಣಗಳು ತಯಾರಕರು ಗುರುತಿಗಾಗಿ ಸೇರಿಸಿದವು. ಎಲ್ಲ ತಯಾರಕರೂ ಒಪ್ಪಿದ ಒಂದೇ ನಿಯಮವು ಬಣ್ಣದ ವಿಷಯದಲ್ಲಿಲ್ಲ. ಮೂರು ಪಾಲು ನೀರು ಸೇರಿ ತೆಳುವಾದ ಕೂಲೆಂಟು ಸಹ ಕಣ್ಣಿಗೆ ಚೆಲುವಾದ ಹಸುರಾಗಿಯೇ ತೋರುವುದು.

4. ಹೊರಡುವ ಮೊದಲು ಮಾಡತಕ್ಕ ಪರೀಕ್ಷೆ

ಗಾಡಿಯು ಊರು ಬಿಡುವುದಕ್ಕೆ ಒಂದು ವಾರ ಮೊದಲಾದರೂ ಪರೀಕ್ಷಿಸತಕ್ಕದ್ದು. ಬೆಳಿಗ್ಗೆ, ಎಂಜಿನ್ನನ್ನು ಇನ್ನೂ ಚಾಲೂ ಮಾಡದಿರುವಾಗ, ಗಾಡಿಯನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ ನೋಡಬೇಕು. ಬಿಸಿಯಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ತೆಗೆಯಲೇಕೂಡದು. ಒಳಗೆ ಒತ್ತಡದಲ್ಲಿರುವ ದ್ರವವು ಕುದಿಯುತ್ತ ಮೇಲಕ್ಕೆ ಚಿಮ್ಮಿ ಮುಖವನ್ನೂ ಕೈಗಳನ್ನೂ ಬೇಯಿಸುವುದು.

ಮಟ್ಟ: ರೇಡಿಯೇಟರಿನ ಬಳಿಯ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಎರಡು ಗೆರೆಗಳಿರುವುವು. ದ್ರವವು ಅವೆರಡರ ನಡುವೆ ಇರಬೇಕು. ಹೀಗೆ ಡಬ್ಬಿಯಿಲ್ಲದ ಹಳೆಯ ಟ್ರಾಕ್ಟರುಗಳಲ್ಲಿ ರೇಡಿಯೇಟರಿನ ಮುಚ್ಚಳವನ್ನು ತೆಗೆದೇ ನೋಡಬೇಕು. ಮಟ್ಟವು ಪ್ರತಿವಾರವೂ ಇಳಿಯುತ್ತಿದ್ದರೆ ಸೋರಿಕೆಯಿದೆಯೆಂದು ಅರ್ಥ. ಅದನ್ನು ಹುಡುಕಿ ಸರಿಪಡಿಸದೆ ಪ್ರಯಾಣಕ್ಕೆ ಕಳುಹಿಸಬಾರದು.

ನೋಟ: ಸ್ವಲ್ಪ ದ್ರವವನ್ನು ಬಿಳಿಯ ಪಿಂಗಾಣಿ ಬಟ್ಟಲಿಗೆ ತೆಗೆದು ಬೆಳಕಿನಲ್ಲಿ ನೋಡಬೇಕು. ಅದು ನಿರ್ಮಲವಾಗಿದ್ದರೆ ಸರಿ. ಕೆಮ್ಮಣ್ಣಿನ ಬಣ್ಣವಿದ್ದರೆ ಒಳಗೆ ತುಕ್ಕು ಹಿಡಿದಿದೆ. ಮೇಲೆ ಎಣ್ಣೆಯ ಪೊರೆಯು ತೇಲಿದರೆ ಎಂಜಿನ್ನಿನ ಗ್ಯಾಸ್ಕೆಟ್ಟು ಕೆಟ್ಟಿರಬಹುದು. ಲೋಳೆಯಂತೆ ಗಟ್ಟಿಯಾಗಿದ್ದರೆ ಹೊಂದದ ಎರಡು ಬಗೆಯ ಕೂಲೆಂಟುಗಳನ್ನು ಯಾರೋ ಬೆರೆಸಿರುವ ಸಂಭವವುಂಟು. ಈ ಮೂರರಲ್ಲಿ ಯಾವುದು ಕಂಡರೂ ಗಾಡಿಯನ್ನು ಮೆಕ್ಯಾನಿಕ್ಕಿಗೆ ತೋರಿಸತಕ್ಕದ್ದು.

ಪ್ರಮಾಣ: ಇದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಇದಕ್ಕೆ ಎರಡು ಉಪಕರಣಗಳುಂಟು. ಮೊದಲನೆಯದು ಹೈಡ್ರೋಮೀಟರು. ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರನ್ನು ಹಾಲಿನಲ್ಲಿ ತೇಲಿಬಿಟ್ಟು ನೀರು ಬೆರೆತಿರುವುದನ್ನು ಕಂಡುಹಿಡಿಯುವ ಕ್ರಮವನ್ನು ರೈತರೆಲ್ಲರೂ ಬಲ್ಲರು. ಹೈಡ್ರೋಮೀಟರಿನ ತತ್ತ್ವವೂ ಅದೇ. ಗ್ಲೈಕಾಲು ನೀರಿಗಿಂತ ಭಾರವಾದುದರಿಂದ ಅದರ ಪಾಲು ಹೆಚ್ಚಿದಷ್ಟೂ ತೇಲುವ ಮುಳ್ಳು ಅಥವಾ ಗುಂಡುಗಳು ಮೇಲಕ್ಕೇಳುವುವು. ರಬ್ಬರಿನ ಉಂಡೆಯನ್ನು ಅದುಮಿ ದ್ರವವನ್ನು ಕೊಳವೆಯೊಳಕ್ಕೆ ಸೆಳೆದು, ಮುಳ್ಳು ತೋರುವ ಅಂಕಿಯನ್ನು ಓದಬೇಕು. ದ್ರವವು ಬಿಸಿಯಾಗಿದ್ದರೆ ಅಂಕಿಯು ತಪ್ಪುವುದು. ಬ್ಯಾಟರಿಯ ಆಮ್ಲವನ್ನು ಪರೀಕ್ಷಿಸುವ ಹೈಡ್ರೋಮೀಟರನ್ನು ಇದಕ್ಕೆ ಉಪಯೋಗಿಸಕೂಡದು. ಅದರ ಅಂಕಿಗಳೇ ಬೇರೆ.

ಎರಡನೆಯದು ರಿಫ್ರಾಕ್ಟೋಮೀಟರು. ಕಬ್ಬಿನ ಹಾಲಿನ ಬ್ರಿಕ್ಸನ್ನು ನೋಡಲು ಸಕ್ಕರೆ ಕಾರ್ಖಾನೆಯವರು ಗದ್ದೆಗೆ ತರುವ ಕೈಯುಪಕರಣದ ಜಾತಿಯದೇ ಇದು. ಗಾಜಿನ ಮೇಲೆ ಎರಡು ಮೂರು ಹನಿ ದ್ರವವನ್ನಿಟ್ಟು ಮುಚ್ಚಿ, ಬೆಳಕಿಗೆ ಹಿಡಿದು ನೋಡಿದರೆ, ಬಿಳುಪೂ ನೀಲಿಯೂ ಕೂಡುವ ಗೆರೆಯು ಹೆಪ್ಪುಗಟ್ಟುವ ಡಿಗ್ರಿಯನ್ನೇ ತೋರುವುದು. ಆದರೆ ಕಬ್ಬಿನ ಉಪಕರಣದಲ್ಲಿ ಸಕ್ಕರೆಯ ಅಂಕಿಗಳಿರುವುದರಿಂದ ಕೂಲೆಂಟಿಗೆ ಬೇರೆಯದನ್ನೇ ಕೊಳ್ಳಬೇಕು. ಹೈಡ್ರೋಮೀಟರಿಗಿಂತ ಇದು ಹೆಚ್ಚು ನಂಬಿಕೆಗೆ ಯೋಗ್ಯವಾದುದು. ಪ್ರೊಪಿಲೀನ್ ಗ್ಲೈಕಾಲ್ ಎಂಬ ಬೇರೊಂದು ದ್ರವದಿಂದ ಮಾಡಿದ ಕೂಲೆಂಟನ್ನು ಹೈಡ್ರೋಮೀಟರು ಸರಿಯಾಗಿ ಅಳೆಯಲಾರದು. ರಿಫ್ರಾಕ್ಟೋಮೀಟರುಗಳಲ್ಲಿ ಎರಡಕ್ಕೂ ಬೇರೆಬೇರೆ ಅಂಕಿಗಳು ಸಾಮಾನ್ಯವಾಗಿ ಇರುವುವು. ಸಹಕಾರ ಸಂಘವಾಗಲಿ ಗ್ರಾಮದ ಮುಖಂಡರಾಗಲಿ ಇಂಥ ಒಂದನ್ನು ಕೊಂಡಿಟ್ಟರೆ ಊರಿನ ಗಾಡಿಗಳೆಲ್ಲಕ್ಕೂ ಸಾಕಾಗುವುದು.

ಹೋಸ್ ಪೈಪುಗಳು ಮತ್ತು ಮುಚ್ಚಳ: ರಬ್ಬರಿನ ಹೋಸ್ ಪೈಪುಗಳನ್ನು ಹಿಸುಕಿ ನೋಡಬೇಕು. ಬಿರುಕುಬಿಟ್ಟುದನ್ನೂ ಗೆಣಸಿನಂತೆ ಉಬ್ಬಿದುದನ್ನೂ ಬದಲಾಯಿಸಬೇಕು. ಮುಚ್ಚಳದ ಸ್ಪ್ರಿಂಗೂ ರಬ್ಬರೂ ಸರಿಯಾಗಿರಬೇಕು. ಬೆಟ್ಟದ ಮೇಲೆ ಗಾಳಿಯ ಒತ್ತಡವು ಕಡಿಮೆಯಾದ ಕಾರಣ ನೀರು ಬೇಗ ಕುದಿಯುವುದು. ಸಮುದ್ರಮಟ್ಟದಿಂದ ಸುಮಾರು 3,500 ಮೀಟರು ಎತ್ತರದ ಲೇಹ್ ಪಟ್ಟಣದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 88 ಡಿಗ್ರಿಗೇ ಕುದಿಯುವುದು. ರಾತ್ರಿ ಹೆಪ್ಪುಗಟ್ಟುವ ಭಯವಿರುವ ಸ್ಥಳದಲ್ಲಿಯೇ ಹಗಲಿನಲ್ಲಿ ಏರುದಾರಿ ಹತ್ತುವಾಗ ಕುದಿಯುವ ಭಯವೂ ಇರುವುದು. ಸರಿಯಾದ ಮುಚ್ಚಳವೂ ಸರಿಯಾದ ಮಿಶ್ರಣವೂ ಸೇರಿ ಎರಡು ಕಷ್ಟಗಳನ್ನೂ ತಡೆಯುವುವು.

5. ಪ್ರಮಾಣವನ್ನು ಸರಿಪಡಿಸುವ ಲೆಕ್ಕ

ದಾರಿಯಲ್ಲಿ ಮಟ್ಟ ಇಳಿದಾಗಲೆಲ್ಲ ಬರಿಯ ನೀರನ್ನು ತುಂಬುವ ಅಭ್ಯಾಸದಿಂದ ಎಷ್ಟು ಕೆಡುಕಾಗುವುದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಗಾಡಿಯಲ್ಲಿ ಎಂಟು ಲೀಟರು ಕೂಲೆಂಟ್ ಹಿಡಿಯುವುದೆಂದೂ, ಅದರಲ್ಲಿ ಅರ್ಧ ಆಂಟಿಫ್ರೀಜ್ ಇದೆಯೆಂದೂ ಇಟ್ಟುಕೊಳ್ಳೋಣ. ಒಂದು ಲೀಟರು ಸೋರಿಹೋದಾಗ ಒಂದು ಲೀಟರು ನೀರನ್ನು ತುಂಬಿ, ಹೀಗೆ ನಾಲ್ಕು ಸಾರಿ ಮಾಡಿದರೆ, ಆಂಟಿಫ್ರೀಜಿನ ಪಾಲು ಐವತ್ತರಿಂದ ಇಪ್ಪತ್ತೊಂಬತ್ತಕ್ಕೆ ಇಳಿಯುವುದು. ಸೊನ್ನೆಗಿಂತ 37 ಡಿಗ್ರಿ ಕೆಳಗಿನ ಚಳಿಯನ್ನು ತಾಳುತ್ತಿದ್ದ ಗಾಡಿಯು ಈಗ 13 ಡಿಗ್ರಿಗೇ ಹೆಪ್ಪುಗಟ್ಟಲಾರಂಭಿಸುವುದು. ಡಬ್ಬಿಯಲ್ಲಿ ಮಟ್ಟವು ಸರಿಯಾಗಿಯೇ ಇರುವುದು, ಬಣ್ಣವೂ ಇರುವುದು. ಅಳೆದು ನೋಡಿದವನಿಗಲ್ಲದೆ ಬೇರೆಯವರಿಗೆ ಅಪಾಯವು ತಿಳಿಯದು.

ತೆಳುವಾದ ಕೂಲೆಂಟನ್ನು ಸರಿಪಡಿಸಲು ಸ್ವಲ್ಪ ತೆಗೆದು ಅಷ್ಟೇ ಆಂಟಿಫ್ರೀಜನ್ನು ಹಾಕಬೇಕು. ಹನ್ನೆರಡು ಲೀಟರು ಹಿಡಿಯುವ ಎಂಜಿನ್ನಿನಲ್ಲಿ ನೂರಕ್ಕೆ 25 ಪಾಲು ಮಾತ್ರ ಇದೆಯೆಂದು ಪರೀಕ್ಷೆಯಿಂದ ತಿಳಿಯಿತೆನ್ನೋಣ. ಅಂದರೆ ಒಳಗಿರುವ ಆಂಟಿಫ್ರೀಜ್ ಮೂರು ಲೀಟರು. ಬೇಕಾದುದು ಆರು ಲೀಟರು. ಮೂರು ಲೀಟರು ತೆಗೆದು ಮೂರು ಲೀಟರು ಹಾಕಿದರೆ ಸಾಲದು. ತೆಗೆದ ದ್ರವದ ಜೊತೆಯಲ್ಲಿಯೇ ಸ್ವಲ್ಪ ಆಂಟಿಫ್ರೀಜೂ ಹೊರಕ್ಕೆ ಹೋಗಿರುವುದು. ನಾಲ್ಕು ಲೀಟರು ತೆಗೆದರೆ ಉಳಿದ ಎಂಟು ಲೀಟರಿನಲ್ಲಿ ಎರಡು ಲೀಟರು ಆಂಟಿಫ್ರೀಜ್ ಇರುವುದು. ಅದಕ್ಕೆ ನಾಲ್ಕು ಲೀಟರು ಹೊಸ ಆಂಟಿಫ್ರೀಜನ್ನು ಕೂಡಿಸಿದರೆ ಒಟ್ಟು ಆರಾಗುವುದು. ಬಳಿಕ ಎಂಜಿನ್ನನ್ನು ಬಿಸಿಯಾಗುವವರೆಗೆ ಓಡಿಸಿ, ಹೊಸದೂ ಹಳೆಯದೂ ಬೆರೆತು ತಣ್ಣಗಾದ ಮೇಲೆ ಇನ್ನೊಮ್ಮೆ ಅಳೆಯತಕ್ಕದ್ದು.

6. ಹಳೆಯದನ್ನು ತೆಗೆದು ಹೊಸದನ್ನು ತುಂಬುವ ಕ್ರಮ

ಕೂಲೆಂಟಿನ ಜಾತಿಯನ್ನನುಸರಿಸಿ ಎರಡು ವರುಷಗಳಿಗೊಮ್ಮೆಯೋ ಐದು ವರುಷಗಳಿಗೊಮ್ಮೆಯೋ ಬದಲಾಯಿಸಬೇಕಾಗುವುದು. ಯಾವ ಜಾತಿ, ಎಷ್ಟು ಅವಧಿ ಎಂಬುದನ್ನು ಗಾಡಿಯ ಕೈಪುಸ್ತಕದಲ್ಲಿ ಓದಿ ಅದರಂತೆ ನಡೆಯಬೇಕು. ಬೇರೆ ಜಾತಿಗಳನ್ನು ಬೆರೆಸಬಾರದು.

ಎಂಜಿನ್ನು ಪೂರ್ಣವಾಗಿ ತಣ್ಣಗಾದ ಮೇಲೆ ರೇಡಿಯೇಟರಿನ ಕೆಳಗೆ ಅಗಲವಾದ ಬೋಗುಣಿಯನ್ನಿಟ್ಟು, ಕೆಳಗಿನ ತಿರುಪನ್ನು ಸಡಿಲಿಸಿ ದ್ರವವನ್ನು ಇಳಿಸಬೇಕು. ಎಂಜಿನ್ನಿನ ಪಕ್ಕದಲ್ಲಿ ಬೇರೆ ತಿರುಪು ಇದ್ದರೆ ಅದನ್ನೂ ಬಿಚ್ಚಬೇಕು. ಇಲ್ಲವಾದರೆ ಹಳೆಯ ದ್ರವದಲ್ಲಿ ಬಹಳಷ್ಟು ಒಳಗೇ ಉಳಿಯುವುದು. ಶುದ್ಧವಾದ ನೀರಿನಿಂದ ಒಂದೆರಡು ಸಾರಿ ತೊಳೆದು ತಿರುಪುಗಳನ್ನು ಬಿಗಿದು, ಮೊದಲೇ ಬೇರೆ ಪಾತ್ರೆಯಲ್ಲಿ ಬೆರೆಸಿಟ್ಟ ಮಿಶ್ರಣವನ್ನು ನಿಧಾನವಾಗಿ ತುಂಬಬೇಕು. ತೊಳೆದ ನೀರು ಎಂಜಿನ್ನಿನೊಳಗೆ ಸ್ವಲ್ಪ ಉಳಿಯುವುದರಿಂದ, ತುಂಬಿದ ಮೇಲೆ ಪ್ರಮಾಣವನ್ನು ಅಳೆಯುವುದು ಅಗತ್ಯ. ಕಾರಿನಲ್ಲಿ ಹೀಟರು ಇದ್ದರೆ ಅದನ್ನು ತೆರೆದಿಟ್ಟು ಎಂಜಿನ್ನನ್ನು ಓಡಿಸಿ, ಒಳಗೆ ಸಿಕ್ಕಿಕೊಂಡ ಗಾಳಿಯು ಹೊರಟುಹೋಗುವಂತೆ ಮಾಡಬೇಕು.

ಬೆರೆಸುವ ನೀರು ಬ್ಯಾಟರಿಗೆ ಹಾಕುವಂಥ ಬಟ್ಟಿಯಿಳಿಸಿದ ನೀರಾಗಿರಬೇಕು. ಕೊಳವೆಬಾವಿಯ ಗಡಸು ನೀರು, ಕಾಯಿಸುವ ಹಂಡೆಯೊಳಗೆ ಬಿಳಿಯ ಸುಣ್ಣದ ಪೊರೆಯನ್ನು ಕಟ್ಟುವಂತೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟುವುದು.

7. ಚಳಿಯ ಊರಿನಲ್ಲಿ ನಡೆದುಕೊಳ್ಳಬೇಕಾದ ಬಗೆ

ತೆಳುವಾದ ಕೂಲೆಂಟಿರುವ ಗಾಡಿಯು ನಿಂತಾಗ ಮಾತ್ರವೇ ಹೆಪ್ಪುಗಟ್ಟುವುದೆಂದು ತಿಳಿಯಬಾರದು. ಎಂಜಿನ್ನು ಬಿಸಿಯಾಗುವವರೆಗೆ ಥರ್ಮೋಸ್ಟಾಟ್ ಎಂಬ ಕದವು ರೇಡಿಯೇಟರಿಗೆ ಹೋಗುವ ದಾರಿಯನ್ನು ಮುಚ್ಚಿರುವುದು. ಆ ಹೊತ್ತಿನಲ್ಲಿ ಎದುರುಗಾಳಿಗೆ ಸಿಕ್ಕಿದ ರೇಡಿಯೇಟರಿನ ತಳಭಾಗವು ಗಡ್ಡೆಯಾಗಬಹುದು. ಹೊರಗೆ ಹಿಮ ಬೀಳುತ್ತಿರುವಾಗ ಎಂಜಿನ್ನು ಕುದಿಯತೊಡಗಿದರೆ ಇದೇ ಕಾರಣವಿರಬಹುದೆಂದು ಊಹಿಸಿ ಗಾಡಿಯನ್ನು ಒಡನೆ ನಿಲ್ಲಿಸತಕ್ಕದ್ದು.

ಹೆಪ್ಪುಗಟ್ಟಿರುವ ಅನುಮಾನವಿದ್ದಲ್ಲಿ ಎಂಜಿನ್ನನ್ನು ಚಾಲೂ ಮಾಡಬಾರದು. ಪಂಪಿನ ರೆಕ್ಕೆಗಳು ಗಡ್ಡೆಗೆ ಸಿಕ್ಕಿ ಮುರಿಯುವುವು, ಬೆಲ್ಟು ಹರಿಯುವುದು. ಕುದಿಯುವ ನೀರನ್ನು ಎಂಜಿನ್ನಿನ ಮೇಲೆ ಸುರಿಯುವುದೂ ಕೆಟ್ಟ ಉಪಾಯ. ತಣ್ಣಗಿನ ಎರಕವು ಒಮ್ಮೆಲೇ ಬಿಸಿಯಾಗಿ ಬಿರಿಯುವುದು. ಗಾಡಿಯನ್ನು ಮುಚ್ಚಿದ ಬೆಚ್ಚನೆಯ ಕೊಟ್ಟಿಗೆಗೆ ನೂಕಿಸಿ, ತಾನಾಗಿ ಕರಗುವವರೆಗೆ ಕಾದು, ಸೋರಿಕೆಯಿದೆಯೇ ಎಂದು ನೋಡಿದ ಮೇಲೆಯೇ ಓಡಿಸಬೇಕು.

ಆಂಟಿಫ್ರೀಜ್ ದೊರೆಯದ ಸ್ಥಳದಲ್ಲಿ ರಾತ್ರಿ ತಂಗುವ ಮೊದಲು ನೀರನ್ನೆಲ್ಲ ಇಳಿಸಿಬಿಡುವ ಹಳೆಯ ಪದ್ಧತಿಯೊಂದುಂಟು. ಈಗಿನ ಗಾಡಿಗಳಲ್ಲಿ ಎಲ್ಲ ನೀರೂ ಇಳಿಯುವುದಿಲ್ಲವಾದ ಕಾರಣ ಇದು ಪೂರ್ಣವಾದ ರಕ್ಷಣೆಯಲ್ಲ. ಉಪ್ಪು, ಸಕ್ಕರೆ, ಬೆಲ್ಲ, ಸೀಮೆಎಣ್ಣೆಗಳನ್ನು ರೇಡಿಯೇಟರಿಗೆ ಹಾಕಬೇಕೆಂದು ದಾರಿಯಲ್ಲಿ ಹೇಳುವವರ ಮಾತನ್ನು ಕೇಳಕೂಡದು. ಉಪ್ಪು ಲೋಹವನ್ನು ತಿನ್ನುವುದು, ಸಕ್ಕರೆ ಬೆಲ್ಲಗಳು ಅಂಟಾಗಿ ಕೊಳವೆಗಳನ್ನು ಕಟ್ಟುವುವು, ಸೀಮೆಎಣ್ಣೆಯು ರಬ್ಬರನ್ನು ಕೆಡಿಸುವುದಲ್ಲದೆ ಬೆಂಕಿಯ ಭಯವನ್ನೂ ತರುವುದು.

ಕೂಲೆಂಟ್ ಒಂದನ್ನು ಸರಿಪಡಿಸಿದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಡೀಸೆಲು ಸಹ ಕಡುಚಳಿಯಲ್ಲಿ ಮೇಣದಂತೆ ಗಟ್ಟಿಯಾಗುವುದು. ಲಡಾಖಿಗಾಗಿ ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯುವ ವಿಶೇಷ ಡೀಸೆಲನ್ನು 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಒದಗಿಸಲಾರಂಭಿಸಿತು. ಬಯಲುನಾಡಿನಲ್ಲಿ ತುಂಬಿಸಿದ ಡೀಸೆಲನ್ನೇ ನೆಚ್ಚಿಕೊಂಡು ಮೇಲೆ ಹೋಗುವುದು ಉಚಿತವಲ್ಲ.

8. ಇದು ಸಿಹಿಯಾದ ವಿಷ

ಎಂಜಿನ್ನನ್ನು ಉಳಿಸುವ ಈ ದ್ರವವು ಜೀವವನ್ನು ತೆಗೆಯಬಲ್ಲುದು. ಎಥಿಲೀನ್ ಗ್ಲೈಕಾಲಿನ ರುಚಿ ಸಿಹಿ. ಬಣ್ಣವು ಶರಬತ್ತಿನಂತೆ. ಸುಮಾರು ನೂರು ಮಿಲಿಲೀಟರು, ಎಂದರೆ ಒಂದು ಸಣ್ಣ ಲೋಟದಷ್ಟು, ಬೆಳೆದ ಮನುಷ್ಯನ ಪ್ರಾಣಕ್ಕೆ ಅಪಾಯಕರ. ಮಕ್ಕಳಿಗೂ ನಾಯಿ ಬೆಕ್ಕುಗಳಿಗೂ ಅದಕ್ಕಿಂತ ಬಹಳ ಕಡಿಮೆ ಸಾಕು. ದನಕರುಗಳಿಗೂ ಇದು ವಿಷವೇ. ದೇಹದಲ್ಲಿ ಇದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು, ಮೂತ್ರಪಿಂಡಗಳಲ್ಲಿ ಹರಳುಗಟ್ಟಿ ಅವುಗಳನ್ನು ಕೆಡಿಸುವುದು. ಕುಡಿದವನು ಮೊದಲು ಮದ್ಯ ಕುಡಿದವನಂತೆ ತೂರಾಡುವನು. ಬಳಿಕ ಸ್ವಲ್ಪ ಚೇತರಿಸಿಕೊಂಡವನಂತೆ ತೋರುವುದುಂಟು. ಅದನ್ನು ನಂಬಿ ಮನೆಯಲ್ಲಿರಿಸಿಕೊಂಡರೆ ಕೈಮೀರುವುದು. ಅನುಮಾನ ಬಂದ ಕ್ಷಣವೇ, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಇದಕ್ಕೆ ಪ್ರತಿವಿಷವೂ ಡಯಾಲಿಸಿಸ್ ಚಿಕಿತ್ಸೆಯೂ ಉಂಟು. ಬೇಗ ಹೋದಷ್ಟೂ ಬದುಕುವ ಭರವಸೆಯು ಹೆಚ್ಚು. ಪಶುಗಳಾದರೆ ಪಶುವೈದ್ಯರಿಗೆ ತಡವಿಲ್ಲದೆ ತಿಳಿಸಬೇಕು.

ಆದಕಾರಣ ಇಳಿಸಿದ ಹಳೆಯ ಕೂಲೆಂಟನ್ನು ಅಂಗಳದಲ್ಲಾಗಲಿ, ಬಾವಿ ಕಾಲುವೆಗಳ ಬಳಿಯಲ್ಲಾಗಲಿ, ದನಗಳು ನೀರು ಕುಡಿಯುವ ತೊಟ್ಟಿಯ ಹತ್ತಿರವಾಗಲಿ ಚೆಲ್ಲಕೂಡದು. ಕುಡಿಯುವ ನೀರಿನ ಬಾಟಲಿಗಳಲ್ಲಿ ತುಂಬಿಡುವುದಂತೂ ಮಹಾಪರಾಧ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಹೆಸರು ಬರೆದು, ಬೀಗದೊಳಗಿಟ್ಟು, ಹಳೆಯ ಆಯಿಲನ್ನು ಸಂಗ್ರಹಿಸುವ ಸರ್ವೀಸ್ ಕೇಂದ್ರಕ್ಕೆ ಒಪ್ಪಿಸಬೇಕು. ನೆಲದ ಮೇಲೆ ಚೆಲ್ಲಿದರೆ ಮರದ ಹೊಟ್ಟು ಅಥವಾ ಒಣಮಣ್ಣನ್ನು ಹರಡಿ ಹೀರಿಸಿ ತೆಗೆದು, ಜಾಗವನ್ನು ತೊಳೆಯಬೇಕು. ಅಪಾಯವು ಕಡಿಮೆಯಾದ ಪ್ರೊಪಿಲೀನ್ ಗ್ಲೈಕಾಲಿನ ಕೂಲೆಂಟನ್ನು ಗಾಡಿಯ ತಯಾರಕರು ಒಪ್ಪಿದ್ದರೆ, ಮಕ್ಕಳೂ ದನಕರುಗಳೂ ಇರುವ ಮನೆಗೆ ಅದು ಮೇಲು.

9. ಊರಿನಲ್ಲಿಯೇ ಇರುವ ಟ್ರಾಕ್ಟರುಗಳಿಗೆ

ಚಳಿನಾಡಿಗೆ ಎಂದೂ ಹೋಗದ ಟ್ರಾಕ್ಟರಿಗೆ ಬರಿಯ ನೀರು ಸಾಕೆಂಬ ಅಭಿಪ್ರಾಯವು ಸರಿಯಲ್ಲ. ಕೂಲೆಂಟಿನಲ್ಲಿರುವ ಔಷಧಗಳು ತುಕ್ಕನ್ನು ತಡೆಯುವುವು. ಡೀಸೆಲ್ ಎಂಜಿನ್ನುಗಳಲ್ಲಿ ಸಿಲಿಂಡರಿನ ಲೈನರುಗಳು ಅದುರುವುದರಿಂದ ನೀರಿನಲ್ಲಿ ಸಣ್ಣ ಗುಳ್ಳೆಗಳೆದ್ದು ಒಡೆಯುತ್ತ, ಲೋಹದಲ್ಲಿ ಸೂಜಿಮೊನೆಯಂಥ ಗುಳಿಗಳನ್ನು ಕೊರೆಯುವುವು. ಸರಿಯಾದ ಕೂಲೆಂಟ್ ಈ ಹಾನಿಯನ್ನು ಬಹುಮಟ್ಟಿಗೆ ತಗ್ಗಿಸುವುದು. ಅರ್ಧಕ್ಕರ್ಧ ಮಿಶ್ರಣವು ತೆರೆದ ಪಾತ್ರೆಯಲ್ಲಿಯೂ ಸುಮಾರು 107 ಡಿಗ್ರಿಗೆ ಮಾತ್ರ ಕುದಿಯುವುದರಿಂದ ಬೇಸಗೆಯ ಉಳುಮೆಗೂ ಅನುಕೂಲ. ಬೇಸಗೆಯಲ್ಲಿ ರೇಡಿಯೇಟರಿನ ಜಾಲರಿಗೆ ಹತ್ತಿದ ಹೊಟ್ಟು ಧೂಳುಗಳನ್ನು ಪ್ರತಿದಿನವೂ ತೆಗೆಯುವುದನ್ನು ಮರೆಯಬಾರದು.

10. ಸಾರಾಂಶ

(1) ಗಾಡಿಯನ್ನು ಚಳಿನಾಡಿಗೆ ಕಳುಹಿಸುವುದಕ್ಕೆ ಒಂದು ವಾರ ಮೊದಲು, ಎಂಜಿನ್ನು ತಣ್ಣಗಿರುವಾಗ ಕೂಲೆಂಟನ್ನು ಪರೀಕ್ಷಿಸತಕ್ಕದ್ದು.

(2) ಮಟ್ಟವನ್ನೂ ಬಣ್ಣವನ್ನೂ ನೋಡಿ ತೃಪ್ತಿಪಡದೆ ಉಪಕರಣದಿಂದ ಪ್ರಮಾಣವನ್ನು ಅಳೆಯತಕ್ಕದ್ದು.

(3) ಅರ್ಧ ಆಂಟಿಫ್ರೀಜ್, ಅರ್ಧ ಬಟ್ಟಿಯಿಳಿಸಿದ ನೀರು ಎಂಬ ನಿಯಮವನ್ನು ಪಾಲಿಸತಕ್ಕದ್ದು. ಬರಿಯ ನೀರೂ ಬರಿಯ ಆಂಟಿಫ್ರೀಜೂ ಎರಡೂ ಹಾನಿಕರ.

(4) ದಾರಿಯಲ್ಲಿ ತುಂಬಲು ಅದೇ ಜಾತಿಯ ಮಿಶ್ರಣವನ್ನು ಗಾಡಿಯಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಅನಿವಾರ್ಯವಾಗಿ ನೀರು ಹಾಕಿದ್ದರೆ ಚಳಿ ಮುಟ್ಟುವ ಮೊದಲು ಮತ್ತೆ ಅಳೆದು ಸರಿಪಡಿಸತಕ್ಕದ್ದು.

(5) ಹೊಸದನ್ನೂ ಹಳೆಯದನ್ನೂ ಮಕ್ಕಳ ಕೈಗೂ ದನಕರುಗಳ ಬಾಯಿಗೂ ಸಿಕ್ಕದಂತೆ ಬೀಗದೊಳಗೆ ಇಡತಕ್ಕದ್ದು.

ಗಾಡಿಯನ್ನು ಓಡಿಸುವವನು ಸಂಬಳದ ಡ್ರೈವರಾಗಿದ್ದರೂ ಈ ಪರೀಕ್ಷೆಯ ಹೊಣೆಯು ಮಾಲೀಕನದು. ದೂರದ ಹಿಮದಲ್ಲಿ ರಾತ್ರಿಯ ವೇಳೆ ಗಾಡಿ ಕೆಟ್ಟು ನಿಂತರೆ ಹಣದ ನಷ್ಟವು ಮಾಲೀಕನಿಗಾಗಬಹುದು. ಚಳಿಯಲ್ಲಿ ಸಿಕ್ಕಿಕೊಳ್ಳುವ ಜೀವವು ಡ್ರೈವರಿನದು. ಹೊರಡುವ ಮೊದಲು ಹತ್ತು ನಿಮಿಷಗಳನ್ನು ಈ ಪರೀಕ್ಷೆಗೆ ಮೀಸಲಿಡುವುದು ಇಬ್ಬರ ಹಿತಕ್ಕೂ ಅವಶ್ಯಕವಾದುದು.